20 ಅನ್ನು ಮೂರು ತ್ರಿಕೋನ ಸಂಖ್ಯೆಗಳಲ್ಲಿ ಮುಗಿಸಲಾಗುವುದಿಲ್ಲವೇ?

ಯಾವ ಪೂರ್ಣಸಂಖ್ಯೆಯಾದರೂ ಹೆಚ್ಚೆಂದರೆ ಮೂರು ತ್ರಿಕೋನ ಸಂಖ್ಯೆಗಳ (1, 1 + 2 = 3, 1 + 2 + 3 = 6, ಹಾಗೆಯೇ 10, 15, 21...) ಮೊತ್ತ ಅಂತ ಓದಿದ್ದೀರಿ. 20ಕ್ಕೆ ಬಂದಾಗ 15 + 3 + 1 + 1, ನಾಲ್ಕಾಯಿತು, ಹೇಳಿಕೆಯೇ ತಪ್ಪೇ ಅಂತ ಕೇಳಿದ್ದೀರಿ. ಹೇಳಿಕೆ ಸರಿಯೇ. ದೊಡ್ಡದನ್ನು ಮೊದಲು ಕಳೆಯುವ ಕ್ರಮ ಎಡವಿತು. 10 + 10 ನೋಡಿ, ಎರಡರಲ್ಲೇ ಮುಗಿಯಿತು. ಆ ಕ್ರಮ ಮೊದಲ ಸಲ ಕೈಕೊಡುವುದೇ 20ರಲ್ಲಿ. ನೀವು 1ರಿಂದ ಹಿಡಿದು ತಾಳ್ಮೆಯಿಂದ ಬಂದಿರಬೇಕು, ಸಂತೋಷವಾಯಿತು.

ನಾನು ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸುವವಳು. ಬದಿಯಡ್ಕದ ನಮ್ಮ ಮನೆಯಂಗಳದಲ್ಲಿ ಅಡಿಕೆ ಒಣಹಾಕಿದಾಗ ಇದನ್ನು ಅಡಿಕೆಯಲ್ಲೇ ತೋರಿಸುತ್ತೇನೆ. ಕೆಳಗೆ ಎರಡು, ಮೇಲೆ ಒಂದು: ಮೂರು ಅಡಿಕೆಯ ಮೆಟ್ಟಿಲು. ಅಂಥ ಎರಡನ್ನು ಒಂದಕ್ಕೊಂದು ತಿರುಗಿಸಿ ಕೂಡಿಸಿದರೆ ಎರಡು ಸಾಲು, ಸಾಲಿಗೆ ಮೂರು. ಅಂಥ ನಾಲ್ಕು ಆಯತಗಳನ್ನು ಒಂದೇ ಒಂದು ಅಡಿಕೆಯ ಸುತ್ತ ಗಾಳಿಪಂಕದ ರೆಕ್ಕೆಗಳ ಹಾಗೆ ಇಟ್ಟರೆ ಐದಕ್ಕೆ ಐದರ ಚೌಕ, 25. ತ್ರಿಕೋನ ಯಾವುದೇ ಇರಲಿ, ಎಂಟು ಪಾಲು ಮತ್ತು ಒಂದು ಸೇರಿದರೆ ಬೆಸಸಂಖ್ಯೆಯ ವರ್ಗ ಬಂದೇ ಬರುತ್ತದೆ.

ಹಾಗಾಗಿ ನಿಮ್ಮ ಸಂಖ್ಯೆಯನ್ನು 8ರಿಂದ ಗುಣಿಸಿ 3 ಕೂಡಿಸಿ (ಮೂರು ತ್ರಿಕೋನಕ್ಕೆ ತಲಾ ಒಂದು), ಬಂದದ್ದನ್ನು ಮೂರು ಬೆಸ ವರ್ಗಗಳಾಗಿ ಒಡೆಯಿರಿ. 20ಕ್ಕೆ 163 = 81 + 81 + 1. ಒಂದೊಂದರಿಂದ 1 ಕಳೆದು 8ರಿಂದ ಭಾಗಿಸಿದರೆ 10, 10, 0. (ಸೊನ್ನೆಯನ್ನೂ ತ್ರಿಕೋನ ಸಂಖ್ಯೆ ಅಂತ ಎಣಿಸುತ್ತೇವೆ.) 163ಕ್ಕೆ ಬೇರೆ ದಾರಿಯೇ ಇಲ್ಲ, ಆದ್ದರಿಂದ 20ಕ್ಕೂ ಇದೊಂದೇ.

ಎಲ್ಲ ಸಂಖ್ಯೆಗಳಿಗೂ ಇದು ನಡೆಯುತ್ತದೆ ಅನ್ನುವುದೇ ಕಷ್ಟದ ಭಾಗ. ಮೂರು ವರ್ಗಗಳಾಗಿ ಒಡೆಯದವು 7, 15, 23ರಂತೆ 8ರಿಂದ ಭಾಗಿಸಿದಾಗ 7 ಉಳಿಸುವವು, ಮತ್ತು ಅವುಗಳನ್ನು ಮತ್ತೆ ಮತ್ತೆ 4ರಿಂದ ಗುಣಿಸಿದವು ಮಾತ್ರ. ನಮ್ಮದು ಯಾವಾಗಲೂ 3 ಉಳಿಸುತ್ತದೆ, ಅಷ್ಟರಿಂದ ಪಾರು. ಬೆಸ ವರ್ಗದ ಶೇಷ 1, ಸಮ ವರ್ಗದ್ದು 0 ಅಥವಾ 4. ಹಾಗಾಗಿ ಶೇಷ 3 ಬರಬೇಕಾದರೆ ಮೂರೂ ಬೆಸವೇ ಆಗಬೇಕು. "ಮಾತ್ರ" ಅಂದೆನಲ್ಲ, ಅದರ ಸಾಧನೆಗೆ, ಅಂದರೆ ಅದನ್ನು ಸಾಬೀತು ಮಾಡುವುದಕ್ಕೆ, ಅಡಿಕೆ ಸಾಲದು. ಫ್ರಾನ್ಸಿನ ಗಣಿತಜ್ಞ ಫರ್ಮಾ 17ನೇ ಶತಮಾನದಲ್ಲಿ ತ್ರಿಕೋನಗಳ ಮಾತನ್ನು ಹೇಳಿದ, ಸಾಧನೆ ಬಿಟ್ಟುಹೋಗಲಿಲ್ಲ. 1796ರ ಜುಲೈ 10ರಂದು 19 ವರ್ಷದ ಜರ್ಮನ್ ಗಣಿತಜ್ಞ ಗೌಸ್ ತನ್ನ ದಿನಚರಿಯಲ್ಲಿ "ಯುರೇಕಾ" ಅಂತ ಗ್ರೀಕಿನಲ್ಲಿ ಬರೆದು, ಪಕ್ಕದಲ್ಲಿ ಮೂರು ತ್ರಿಕೋನ ಗುರುತು ಹಾಕಿದ. ಸಾಧನೆ ಅವನ 1801ರ ಪುಸ್ತಕದಲ್ಲಿದೆ.

ನಿಮ್ಮ ಕ್ರಮ ಮುಂದೆ 26ರಲ್ಲಿ ಎಡವುತ್ತದೆ. 26ನ್ನು 8ರಿಂದ ಗುಣಿಸಿ 3 ಕೂಡಿಸಿದರೆ ಬರುವ 211 ಒಡೆದು ನೋಡಿ, ಅಲ್ಲಿ ಎರಡು ದಾರಿ ಇವೆ.