ಓದುಗರ ಪ್ರಶ್ನೆ: ಹೆಣ್ಣು ಬೆಟ್ಟಾ ಮತ್ತು ಮರಿ ಮಾಡಿಸುವ ಆಸೆ

ಪ್ರಶ್ನೆ: ಗಂಡು ಬೆಟ್ಟಾ ಮೀನುಗಳನ್ನು ಒಟ್ಟಿಗೆ ಬಿಡಬಾರದು ಎಂದು ಗೊತ್ತು. ಹೆಣ್ಣುಗಳು ಜಗಳವಾಡುವುದಿಲ್ಲವಂತೆ. 30 ಲೀಟರ್ ಟ್ಯಾಂಕಿನಲ್ಲಿ ಮೂರು ಹೆಣ್ಣು ಸಾಕಬಹುದೇ?

ಉತ್ತರ: ಬೇಡ. ಹೆಣ್ಣುಗಳೂ ಜಗಳವಾಡುತ್ತವೆ, ಗಂಡಿನಷ್ಟು ಆರ್ಭಟವಿಲ್ಲ ಅಷ್ಟೇ. ಮೂರೇ ಮೀನಿದ್ದರೆ ಬಲವಾದದ್ದು ಸಾಮಾನ್ಯವಾಗಿ ಒಂದನ್ನೇ ಗುರಿ ಮಾಡಿಕೊಂಡು ಅಟ್ಟಾಡಿಸುತ್ತದೆ. ಐದಾರು ಇದ್ದರೆ ಆ ಸಿಟ್ಟು ಹಂಚಿಹೋಗುತ್ತದೆ. ಆದರೆ ಅದಕ್ಕೆ ಕನಿಷ್ಠ 80 ಲೀಟರಿನ, ಎತ್ತರಕ್ಕಿಂತ ಉದ್ದ ಹೆಚ್ಚಿರುವ ಟ್ಯಾಂಕ್ ಬೇಕು. ಒಂದು ತುದಿಯಿಂದ ನೋಡಿದರೆ ಇನ್ನೊಂದು ತುದಿ ಕಾಣದಷ್ಟು ಗಿಡ ಬೆಳೆದಿರಬೇಕು. ಮೀನಿನ ಕೊಳೆಯಿಂದ ನೀರಿನಲ್ಲಿ ಹುಟ್ಟುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಒಟ್ಟಿಗೆ ಬೆಳೆದ ಅಕ್ಕತಂಗಿ ಮೀನುಗಳಾದರೆ ಒಳ್ಳೆಯದು. ಎಲ್ಲವನ್ನೂ ಒಂದೇ ದಿನ ಬಿಡಿ; ಆಮೇಲೆ ಹೊಸದೊಂದನ್ನು ಸೇರಿಸಿದರೆ ಮೊದಲಿನಿಂದ ಗಲಾಟೆ ಶುರು.

ಇಷ್ಟೆಲ್ಲ ಮಾಡಿದರೂ ಖಾತ್ರಿಯಿಲ್ಲ. ತಿಂಗಳುಗಟ್ಟಲೆ ಹೊಂದಿಕೊಂಡಿದ್ದ ಗುಂಪು ಮೀನುಗಳು ಬಲಿತ ಮೇಲೆ ಒಡೆಯುವುದುಂಟು. ಹೀಟರಿನ ಹಿಂದೆ ಅಥವಾ ಮೇಲಿನ ಮೂಲೆಯಲ್ಲಿ ಅವಿತು ನಿಲ್ಲುವುದು, ಊಟಕ್ಕೆ ಬಾರದಿರುವುದು, ಬಾಲ ಹರಿದಿರುವುದು, ಮೈಮೇಲೆ ತಲೆಯಿಂದ ಬಾಲದವರೆಗೆ ಅಡ್ಡ ಪಟ್ಟೆ ಮೂಡುವುದು: ಇವು ಏಟು ತಿನ್ನುತ್ತಿರುವ ಮೀನಿನ ಗುರುತು. ಅದನ್ನು ಅಂದೇ ಬೇರೆ ಮಾಡಲು ಇನ್ನೊಂದು ಪಾತ್ರೆ ಸಿದ್ಧವಿಲ್ಲದಿದ್ದರೆ ಗುಂಪು ಸಾಕುವ ಯೋಚನೆಯನ್ನೇ ಬಿಡಿ.

ನಿಮ್ಮ 30 ಲೀಟರಿಗೆ ಒಂದೇ ಹೆಣ್ಣು ಸಾಕು. 25ರಿಂದ 27 ಡಿಗ್ರಿ ಸೆಲ್ಸಿಯಸ್, ಮೆಲುವಾಗಿ ಗಾಳಿ ಬಿಡುವ ಸ್ಪಾಂಜ್ ಫಿಲ್ಟರ್, ಮುಚ್ಚಳ. ಹೆಣ್ಣುಗಳಿಗೆ ಎಳೆದಾಡುವ ಉದ್ದ ರೆಕ್ಕೆ ಇಲ್ಲ, ಹಾಗಾಗಿ ಚೆನ್ನಾಗಿ ನೆಗೆಯುತ್ತವೆ. ಒಂಟಿ ಹೆಣ್ಣು ಬೆಟ್ಟಾಗೆ ಬೇಸರವಾಗುತ್ತದೆ ಎಂಬ ಚಿಂತೆ ನಮ್ಮದು, ಮೀನಿನದಲ್ಲ.

ಪ್ರಶ್ನೆ: ನನ್ನ ಹೆಣ್ಣು ಮೀನಿನ ಹೊಟ್ಟೆ ಉಬ್ಬಿದೆ, ಕೆಳಗೆ ಬಿಳಿ ಚುಕ್ಕೆ ಕಾಣುತ್ತಿದೆ. ಗರ್ಭ ಕಟ್ಟಿದೆಯೇ?

ಉತ್ತರ: ಬೆಟ್ಟಾ ಮರಿ ಹಾಕುವ ಮೀನಲ್ಲ, ಮೊಟ್ಟೆ ಹೊರಗೆ ಬಂದ ಮೇಲೆಯೇ ಗಂಡು ಅದನ್ನು ಫಲಿತಗೊಳಿಸುತ್ತದೆ. ಆ ಬಿಳಿ ಚುಕ್ಕೆ ಮೊಟ್ಟೆ ಹೊರಬೀಳುವ ನಳಿಕೆಯ ತುದಿ. ಬಲಿತ ಹೆಣ್ಣುಗಳಲ್ಲಿ ಅದು ಸಾಮಾನ್ಯ. ಗಂಡಿಲ್ಲದಿದ್ದರೂ ಮೊಟ್ಟೆ ತುಂಬುತ್ತದೆ. ಅದನ್ನು ದೇಹವೇ ಹೀರಿಕೊಳ್ಳಬಹುದು, ಇಲ್ಲವೇ ಮೀನು ಉದುರಿಸಿ ತಾನೇ ತಿಂದುಬಿಡಬಹುದು. ನೀವೇನೂ ಮಾಡಬೇಕಿಲ್ಲ.

ಉಬ್ಬರಕ್ಕೆ ಹೆಚ್ಚಿನ ಸಲ ಕಾರಣ ಅತಿಯಾದ ಊಟ. ಒಂದೆರಡು ದಿನ ಏನೂ ಹಾಕಬೇಡಿ, ಇಳಿಯುತ್ತದೆ. ಮೇಲಿನಿಂದ ನೋಡಿದಾಗ ಹುರುಪೆಗಳು ಮೈಯಿಂದ ಎದ್ದು ನಿಂತಂತೆ ಕಂಡರೆ ಮಾತ್ರ ಅದು ಬೇರೆ ವಿಷಯ: ಒಳಗೆ ನೀರು ತುಂಬಿದೆ, ಬದುಕುವ ಸಾಧ್ಯತೆ ಕಡಿಮೆ. ಆ ಮೀನನ್ನು ಬೇರೆಯಿಡಿ.

ಪ್ರಶ್ನೆ: ಹೆಣ್ಣು ಎಂದು ತಂದ ಮೀನು ನೊರೆಗೂಡು ಕಟ್ಟುತ್ತಿದೆ!

ಉತ್ತರ: ಮೊಟ್ಟೆಗಾಗಿ ನೀರಿನ ಮೇಲೆ ಗುಳ್ಳೆಗಳ ಈ ಗೂಡು ಕಟ್ಟುವುದು ಸಾಮಾನ್ಯವಾಗಿ ಗಂಡು; ಹೆಣ್ಣುಗಳೂ ಅಪರೂಪಕ್ಕೆ ಕಟ್ಟುತ್ತವೆ. ಆದರೆ ಗಿಡ್ಡ ರೆಕ್ಕೆಯ ಪ್ಲಾಕಟ್ ಗಂಡುಗಳನ್ನು ಹೆಣ್ಣೆಂದು ಮಾರುವುದು ಅದಕ್ಕಿಂತ ಸಾಮಾನ್ಯ. ಕನ್ನಡಿ ತೋರಿಸಿ. ಕಿವಿರು ಬಿಚ್ಚಿದಾಗ ಅದರಡಿಯಿಂದ ಗಡ್ಡದಂಥ ಪೊರೆ ಅಗಲವಾಗಿ ಹೊರಬಂದರೆ, ಎದೆಯ ಕೆಳಗಿನ ಜೋಡಿ ರೆಕ್ಕೆ ಉದ್ದವಾಗಿ ದಪ್ಪಗಿದ್ದರೆ ಗಂಡು. ಇತರ ಹೆಣ್ಣುಗಳ ಜೊತೆ ಇದ್ದರೆ ಈಗಲೇ ತೆಗೆಯಿರಿ.

ಪ್ರಶ್ನೆ: ಒಂದು ಜೋಡಿಯಿಂದ ಮರಿ ಮಾಡಿಸಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಜಾಡಿಗಳನ್ನು ಎಣಿಸುವುದರಿಂದ. ಒಂದು ಸಲಕ್ಕೆ ನೂರರಿಂದ ಮುನ್ನೂರು ಮೊಟ್ಟೆ ಬೀಳುವುದು ಅಸಾಮಾನ್ಯವಲ್ಲ. ಎರಡು ಮೂರು ತಿಂಗಳಿಗೆ ಗಂಡುಮರಿಗಳು ಕಚ್ಚಾಡಲು ತೊಡಗುತ್ತವೆ. 60 ಗಂಡು ಉಳಿದರೆ 60 ಜಾಡಿ ಬೇಕು. ಎಲ್ಲವೂ ಬೆಚ್ಚಗಿರಬೇಕು, ನೀರು ಒಂದು ದಿನ ಬಿಟ್ಟು ಒಂದು ದಿನ ಬದಲಾಗಬೇಕು. ಮೊಟ್ಟೆ ಇಡಿಸುವುದು ಸುಲಭದ ಭಾಗ. ಅಷ್ಟು ಮೀನನ್ನು ಯಾರಿಗೆ ಕೊಡುತ್ತೀರಿ ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಗಂಡನ್ನೂ ಹೆಣ್ಣನ್ನೂ ಬೇರೆ ಬೇರೆಯೇ ಸಾಕಿ. ಅದರಿಂದ ಅವುಗಳಿಗೇನೂ ಕೊರತೆಯಿಲ್ಲ.

ಉತ್ತರವಿದೆ ಎಂದಾದರೆ, 4ರಿಂದ 12 ತಿಂಗಳ ಒಳಗಿನ ಜೋಡಿ ಆರಿಸಿ. ಹೆಣ್ಣು ಗಂಡಿಗಿಂತ ತುಸು ಚಿಕ್ಕದಿರಲಿ. ಎರಡಕ್ಕೂ ಒಂದೆರಡು ವಾರ ಬೇರೆ ಬೇರೆಯಾಗಿ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿ), ಡಾಫ್ನಿಯಾ (ನೀರುಚಿಗಟ), ಸೊಳ್ಳೆಮರಿಯಂಥ ಜೀವಂತ ಆಹಾರ ಕೊಡಿ. 40 ಲೀಟರಿನ ಟ್ಯಾಂಕಿಗೆ 12ರಿಂದ 15 ಸೆಂಟಿಮೀಟರ್ ಮಾತ್ರ ನೀರು ತುಂಬಿ, 27-28 ಡಿಗ್ರಿಯಲ್ಲಿಡಿ. ತಳದಲ್ಲಿ ಮರಳು, ಕಲ್ಲು ಬೇಡ. ಬಿದ್ದ ಮೊಟ್ಟೆ ಗಂಡಿಗೆ ಕಾಣಬೇಕು. ಒಂದು ಬದಿಯಲ್ಲಿ ಅರ್ಧಕ್ಕೆ ಸೀಳಿದ ಥರ್ಮೋಕೋಲ್ ಲೋಟ ತೇಲಿಸಿ, ಗೂಡು ಅದರಡಿ ಕಟ್ಟುತ್ತದೆ. ಇನ್ನೊಂದು ಬದಿಯಲ್ಲಿ ಹೆಣ್ಣಿಗೆ ಅವಿತುಕೊಳ್ಳಲು ಜಾವಾ ಪಾಚಿ ಅಥವಾ ಗಿಡದ ರಾಶಿ ಇರಲಿ.

ಮೊದಲು ಗಂಡನ್ನು ಬಿಟ್ಟು, ಹೆಣ್ಣನ್ನು ತಳವಿಲ್ಲದ ಗಾಜಿನ ಕೊಳವೆಯೊಳಗೆ ನಿಲ್ಲಿಸಿ. ಗಂಡು ಗೂಡು ಕಟ್ಟಿದೆಯೇ, ಹೆಣ್ಣಿನ ಮೈಮೇಲೆ ಬೆನ್ನಿನಿಂದ ಹೊಟ್ಟೆಗೆ ಇಳಿಯುವ ನೇರ ಪಟ್ಟೆ ಮೂಡಿದೆಯೇ ನೋಡಿ. ತಿಳಿಬಣ್ಣದ ಮೀನಿನಲ್ಲಿ ಪಟ್ಟೆ ಕಾಣದು. ಅದು ತಲೆ ತಗ್ಗಿಸಿ ಗಂಡಿನ ಕಡೆ ಬಂದರೆ ಸಾಕು. ಅಡ್ಡ ಪಟ್ಟೆಯಿದ್ದರೆ ಬಿಡಬೇಡಿ, ಅದು ಹೆದರಿದೆ. ಬಿಟ್ಟ ಮೇಲೆ ಸ್ವಲ್ಪ ಕಚ್ಚಾಟ ಸಹಜ. ಮೂರು ದಿನವಾದರೂ ಮೊಟ್ಟೆಯಿಲ್ಲದಿದ್ದರೆ ಅಥವಾ ಗಾಯ ಆಳವಾದರೆ ಬೇರೆ ಮಾಡಿ.

ಕೂಡುವಾಗ ಗಂಡು ಗೂಡಿನಡಿ ಹೆಣ್ಣನ್ನು ಮಗುಚಿ ಬಳಸಿ ಹಿಡಿಯುತ್ತದೆ. ಮೊದಲ ಕೆಲವು ಅಪ್ಪುಗೆಗಳಲ್ಲಿ ಮೊಟ್ಟೆ ಬೀಳದಿರಬಹುದು. ಆಮೇಲೆ ಬಿಳಿ ಮೊಟ್ಟೆಗಳು ಕಾಳುಕಾಳಾಗಿ ಕೆಳಗಿಳಿಯುತ್ತವೆ. ಹೆಣ್ಣು ಕೆಲ ಕ್ಷಣ ಸತ್ತಂತೆ ಪಕ್ಕಕ್ಕೆ ವಾಲಿ ತೇಲುತ್ತದೆ, ಗಾಬರಿ ಬೇಡ. ಗಂಡು ಅಷ್ಟರಲ್ಲಿ ಎಚ್ಚೆತ್ತು ಮೊಟ್ಟೆ ಹೆಕ್ಕಿ ಗೂಡಿಗೆ ಉಗುಳುತ್ತಿರುತ್ತದೆ. ಇದು ಗಂಟೆಗಟ್ಟಲೆ ನಡೆಯುತ್ತದೆ. ಮುಗಿದ ಮೇಲೆ ಗಂಡು ಹೆಣ್ಣನ್ನು ಓಡಿಸತೊಡಗುತ್ತದೆ. ಆಗ ಹೆಣ್ಣನ್ನು ತೆಗೆದು ಶುದ್ಧ ನೀರಿನಲ್ಲಿ ಒಂಟಿಯಾಗಿಡಿ. ಹಳೆಯ ಗುಂಪಿಗೆ ತಕ್ಷಣ ಸೇರಿಸಬೇಡಿ, ಗಾಯಗೊಂಡದ್ದನ್ನು ಉಳಿದವು ಬಿಡುವುದಿಲ್ಲ. ಗಂಡು ಮೊಟ್ಟೆ ತಿಂದುಬಿಟ್ಟರೆ ಬೇಸರಿಸಬೇಡಿ, ಮೊದಲ ಸಲ ಹಲವು ಗಂಡುಗಳು ಹಾಗೆ ಮಾಡುತ್ತವೆ. ಟ್ಯಾಂಕಿನ ಮುಂದೆ ಓಡಾಟ ಕಡಿಮೆ ಮಾಡಿ, ರಾತ್ರಿ ಮಂದ ಬೆಳಕಿರಲಿ.

ಪ್ರಶ್ನೆ: ಮೊಟ್ಟೆ ಚೆನ್ನಾಗಿ ಒಡೆಯಿತು. ಮರಿಗಳು ಈಜತೊಡಗಿದ ವಾರದೊಳಗೆ ಒಂದೊಂದಾಗಿ ಮಾಯವಾದವು. ಬೇಯಿಸಿದ ಕೋಳಿಮೊಟ್ಟೆಯ ಹಳದಿ ಪುಡಿ ಮಾಡಿ ಹಾಕುತ್ತಿದ್ದೆ.

ಉತ್ತರ: ಆ ಹಳದಿಯೇ ಮುಖ್ಯ ಅನುಮಾನ. ಬೆಟ್ಟಾಮರಿ ಅಲುಗಾಡುವುದನ್ನು ಕಂಡು ಬೇಟೆಯಾಡುತ್ತದೆ. ಅಲುಗದ ಹಳದಿ ತಳಕ್ಕಿಳಿದು ಕೊಳೆತು ಅಮೋನಿಯಾ ಆಗುತ್ತದೆ. ಒಂದು ಕಡೆ ಹಸಿವು, ಇನ್ನೊಂದು ಕಡೆ ವಿಷ.

ಮೊಟ್ಟೆ 24ರಿಂದ 48 ಗಂಟೆಯಲ್ಲಿ ಒಡೆಯುತ್ತದೆ. ಇನ್ನೆರಡು ಮೂರು ದಿನ ಮರಿಗಳು ಬಾಲ ಕೆಳಗೆ ಮಾಡಿ ಗೂಡಿಗೆ ನೇತುಬಿದ್ದು ಒಡಲಿನ ಭಂಡಾರವನ್ನೇ ಉಣ್ಣುತ್ತವೆ. ಅಡ್ಡಡ್ಡ ಈಜತೊಡಗಿದಾಗ ಗಂಡನ್ನು ತೆಗೆದು ಊಟ ಶುರು ಮಾಡಿ. ಮೊದಲ ಕೆಲವು ದಿನ ಇನ್ಫ್ಯೂಸೋರಿಯಾ (ನೀರಿನ ಸೂಕ್ಷ್ಮಜೀವಿಗಳು) ಅಥವಾ ವಿನೆಗರ್ ಈಲ್ (ವಿನೆಗರಿನಲ್ಲಿ ಬೆಳೆಯುವ ಪುಟ್ಟ ಹುಳು), ಆಮೇಲೆ ಆಗಷ್ಟೇ ಒಡೆದ ಆರ್ಟೀಮಿಯಾ. ವಿನೆಗರ್ ಈಲ್ ನೀರಿನ ನಡುವೆಯೇ ಬಹಳ ಹೊತ್ತು ಈಜಾಡುತ್ತದೆ, ಅದೇ ಅದರ ಲಾಭ. ಈ ಕೃಷಿಯನ್ನು ಜೋಡಿ ಕೂಡಿಸುವ ಎರಡು ಮೂರು ವಾರ ಮೊದಲೇ ಹಾಕಿಡಬೇಕು.

ಆರ್ಟೀಮಿಯಾಗೆ ಒಂದು ಲೀಟರ್ ನೀರು, 25 ಗ್ರಾಂ ಉಪ್ಪು, ಚಿಟಿಕೆ ಆರ್ಟೀಮಿಯಾ ಮೊಟ್ಟೆ, ಬಿರುಸಾದ ಗಾಳಿ, ಬೆಳಕು. 27 ಡಿಗ್ರಿಯಲ್ಲಿ ಸುಮಾರು 24 ಗಂಟೆಗೆ ಒಡೆಯುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿ ಕೆಳಗೆ ಸೇರುತ್ತವೆ. ಅವನ್ನು ನಳಿಕೆಯಿಂದ ಎಳೆದು, ತೆಳು ಬಟ್ಟೆಯಲ್ಲಿ ಸೋಸಿ, ಉಪ್ಪು ತೊಳೆದು ಹಾಕಿ. ಉಂಡ ಮರಿಯ ಹೊಟ್ಟೆ ಕಿತ್ತಳೆಯಾಗಿ ಹೊರಗೇ ಕಾಣುತ್ತದೆ. ಕಾಣದಿದ್ದರೆ ಅದು ಉಂಡಿಲ್ಲ.

ಗಾಳಿಯಿಂದ ಉಸಿರಾಡುವ ಲ್ಯಾಬಿರಿಂತ್ ಅಂಗ ಮೂರರಿಂದ ಆರನೇ ವಾರದ ನಡುವೆ ಬೆಳೆಯುತ್ತದೆ. ಆಗ ಮುಚ್ಚಳ ತೆರೆದಿಟ್ಟರೆ ಮೇಲಿನ ತಣ್ಣನೆ ಗಾಳಿ ಮರಿಗಳಿಗೆ ಕುತ್ತು. ನೀರಿನ ಮೇಲೆ ಕಟ್ಟುವ ಜಿಡ್ಡಿನ ಪೊರೆಯನ್ನು ಕಾಗದ ಹಾಸಿ ಎತ್ತಿ. ತಳದ ಕೊಳೆಯನ್ನು ಸಣ್ಣ ಗಾಳಿಕೊಳವೆಯಿಂದ ದಿನವೂ ಹೀರಿ, ಅಷ್ಟೇ ಬಿಸಿಯ, ಕ್ಲೋರಿನ್ ತೆಗೆದ ನೀರನ್ನು ಹನಿಹನಿಯಾಗಿ ಬಿಡಿ. ಟಾರ್ಚ್ ಬೆಳಕಿನಲ್ಲಿ ಮೈಮೇಲೆ ಹಳದಿ ಧೂಳು ಕಂಡರೆ ಅದು ವೆಲ್ವೆಟ್ ರೋಗ. ಮರಿಗಳನ್ನು ಸಾರಾಸಗಟಾಗಿ ಒಯ್ಯುವ ಪರೋಪಜೀವಿ ಇದು. ಆಗ ಬೆಳಕು ಕಡಿಮೆ ಮಾಡಿ ತಕ್ಷಣ ಔಷಧಿ ಹಾಕಬೇಕು.

ಪ್ರಶ್ನೆ: ನನ್ನ ಗಂಡು, ಹೆಣ್ಣು ಎರಡೂ ಡಬಲ್ ಟೇಲ್ (ಬಾಲ ಎರಡಾಗಿ ಸೀಳಿರುವ ಬಗೆ). ಕೂಡಿಸಲೇ?

ಉತ್ತರ: ಬೇಡ. ಎರಡು ಡಬಲ್ ಟೇಲ್ ಸೇರಿದರೆ ಬೆನ್ನೆಲುಬು ಗಿಡ್ಡವಾಗಿ ಡೊಂಕಾದ ಮರಿಗಳು ಹೆಚ್ಚುತ್ತವೆ. ಒಂದಕ್ಕೆ ಒಂಟಿ ಬಾಲದ ಜೊತೆ ಹುಡುಕಿ.