ಕೋವಿ ಲೈಸೆನ್ಸ್: ಅರ್ಜಿ ಮೊಬೈಲಿನಲ್ಲಿ, ಉಳಿದದ್ದು ಊರಿನಲ್ಲಿ

ಪ್ರಶ್ನೆ: ಮೇಡಂ, ನಮ್ಮದು ಕೊಪ್ಪ ತಾಲ್ಲೂಕು. ಅಪ್ಪನಿಗೆ 76 ವರ್ಷ. ಬೆಳೆ ರಕ್ಷಣೆಗೆಂದು ಅವರ ಹೆಸರಿನಲ್ಲಿ ಒಂಟಿ ನಳಿಗೆಯ ಕೇಪಿನ ಕೋವಿ ಇದೆ. ಲೈಸೆನ್ಸ್ ಬರುವ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಅಪ್ಪನಿಗೆ ಮಂಡಿ ನೋವು, ಬಸ್ ಹತ್ತಲು ಆಗುವುದಿಲ್ಲ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿಂದಲೇ ಆನ್‌ಲೈನ್‌ನಲ್ಲಿ ನವೀಕರಣ ಮಾಡಿಸಬಹುದಾ? ಪೇಟೆಯಲ್ಲಿ ಒಬ್ಬರು "ಲೈಸೆನ್ಸ್ ಬುಕ್ಕು ಕೊಟ್ಟುಬಿಡಿ, ಎಲ್ಲ ನಾನೇ ಮಾಡಿಸ್ತೀನಿ, ನೀವು ಬರೋದೇ ಬೇಡ" ಅಂತಿದ್ದಾರೆ. ಕೊಡಬಹುದಾ?

ಉತ್ತರ: ಅರ್ಜಿ ಹಾಕುವ ಕೆಲಸ ಬೆಂಗಳೂರಿನಿಂದಲೇ ಆಗುತ್ತದೆ. ಆಮೇಲಿನದಕ್ಕೆ ಊರಿಗೆ ಬರಲೇಬೇಕು. ಬುಕ್ಕನ್ನು ಆ ಮನುಷ್ಯನ ಕೈಗೆ ಮಾತ್ರ ಕೊಡಬೇಡಿ. ಜಿಲ್ಲಾಧಿಕಾರಿ ಕಚೇರಿಯಲ್ಲಿ 11 ವರ್ಷ ಈ ಕಡತಗಳನ್ನೇ ನೋಡಿದವಳು ನಾನು. ಮಧ್ಯವರ್ತಿಯ ಕೈಯಲ್ಲಿ ಸಿಕ್ಕಿಕೊಂಡ ಬುಕ್ಕಿಗಾಗಿ ವಯಸ್ಸಾದವರು ಕಚೇರಿಯ ಬೆಂಚಿನ ಮೇಲೆ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ.

ಮೊದಲು ಅರ್ಜಿ. ಕೇಂದ್ರ ಗೃಹ ಸಚಿವಾಲಯದ ಎನ್‌ಡಿಎಎಲ್-ಅಲಿಸ್ ಎಂಬ ಜಾಲತಾಣವಿದೆ. ದೇಶದ ಎಲ್ಲ ಆಯುಧ ಲೈಸೆನ್ಸ್‌ಗಳ ಲೆಕ್ಕ ಅಲ್ಲಿರುತ್ತದೆ. ಅದರಲ್ಲಿ ನಿಮ್ಮ ರಾಜ್ಯ, ಜಿಲ್ಲೆ ಆರಿಸಿ, ನವೀಕರಣ ಎಂಬ ಸೇವೆಯನ್ನು ಆರಿಸಿ, ಅಪ್ಪನ ವಿವರ ತುಂಬಿ. 2016ರ ಆಯುಧ ನಿಯಮಗಳಲ್ಲಿ ಇದಕ್ಕೆ ಎ-3 ನಮೂನೆ ಎನ್ನುತ್ತಾರೆ. ತುಂಬಿ ಮುಗಿದ ಮೇಲೆ ಅರ್ಜಿ ಸಂಖ್ಯೆ ಬರುತ್ತದೆ. ಅದನ್ನು ಬರೆದಿಟ್ಟುಕೊಂಡು ಅರ್ಜಿಯ ಪ್ರಿಂಟ್ ತೆಗೆದುಕೊಳ್ಳಿ.

ಇದಕ್ಕೂ ಮುಂಚೆ ಒಂದು ನೋಡಿಕೊಳ್ಳಿ. ಅಪ್ಪನ ಬುಕ್ಕಿನಲ್ಲಿ ಯುಐಎನ್ ಎಂಬ ಸಂಖ್ಯೆ ಇದೆಯಾ? ಪ್ರತಿ ಲೈಸೆನ್ಸ್‌ದಾರರಿಗೂ ಕೊಡುವ ಗುರುತಿನ ಸಂಖ್ಯೆ ಅದು. ಅದನ್ನು ಪಡೆಯಲು ಗಡುವನ್ನು ಹಲವು ಸಲ ಮುಂದೂಡಿ, ಕೊನೆಗೆ 2020ರ ಜೂನ್ 29ಕ್ಕೆ ನಿಲ್ಲಿಸಿದರು. ಸಂಖ್ಯೆ ಇಲ್ಲದಿದ್ದರೆ ಮೊಬೈಲ್ ಮುಂದೆ ಕೂತು ಪ್ರಯೋಜನವಿಲ್ಲ. ನೇರವಾಗಿ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ.

ಜಿಲ್ಲಾಧಿಕಾರಿ ಕಚೇರಿಯಲ್ಲಿ ಪ್ರಿಂಟ್ ಜೊತೆಗೆ ಮೂಲ ಬುಕ್ಕು, ಆಧಾರ್, ಫೋಟೊ, ಶುಲ್ಕ ಕಟ್ಟಿದ ರಸೀದಿ, ವೈದ್ಯರ ಪ್ರಮಾಣಪತ್ರ ಕೇಳುತ್ತಾರೆ. ಬೆಳೆ ರಕ್ಷಣೆ ಲೈಸೆನ್ಸ್ ಆದ್ದರಿಂದ ಪಹಣಿಯನ್ನೂ ಇಟ್ಟುಕೊಳ್ಳಿ. ಕಡತ ಅಲ್ಲಿಂದ ಪೊಲೀಸ್ ವರದಿಗೆ ಹೋಗುತ್ತದೆ. ನಿಮ್ಮ ಠಾಣೆಯವರು ವಿಚಾರಿಸುತ್ತಾರೆ, ಕೋವಿಯನ್ನೂ ನೋಡುತ್ತಾರೆ. ವರದಿ ವಾಪಸ್ ಬಂದು, ಆದೇಶವಾಗಿ, ಬುಕ್ಕಿನ ಪುಟದ ಮೇಲೆ ಸಹಿ ಸೀಲು ಬಿದ್ದಾಗ ನವೀಕರಣ ಆಯಿತು ಅಂತ. ಅರ್ಜಿ ಸಲ್ಲಿಕೆಯಾಗಿದೆ ಎಂಬ ಮೆಸೇಜು ಬಂದ ದಿನವೇ ಎಲ್ಲ ಮುಗಿಯಿತು ಅಂದುಕೊಂಡವರು ತುಂಬಾ ಜನ ಇದ್ದಾರೆ.

ಠಾಣೆಯವರು ಬರುವ ಮುಂಚೆ ನೀವೇ ಟಾರ್ಚ್ ಹಿಡಿದು ಕೋವಿಯ ಮೇಲಿನ ನಂಬರ್ ಓದಿ, ಬುಕ್ಕಿನ ನಂಬರಿಗೆ ತಾಳೆ ನೋಡಿ. ಕೇಪಿನ ಕೋವಿಗಳಲ್ಲಿ ನಂಬರನ್ನು ಉಳಿಯಿಂದ ಹೊಡೆದಿರುತ್ತಾರೆ. ಎಣ್ಣೆ, ಹೊಗೆ, ಮಳೆಗಾಲದ ತುಕ್ಕು ಸೇರಿ 3 ಯಾವುದು, 8 ಯಾವುದು ಗೊತ್ತಾಗುವುದಿಲ್ಲ. ಒಂದು ಅಂಕೆಗಾಗಿ ಕಡತ ತಿಂಗಳುಗಟ್ಟಲೆ ನಿಂತದ್ದುಂಟು.

ಇನ್ನು ಅಪ್ಪನ ಮಂಡಿ ನೋವಿನ ವಿಷಯ. ಕೋವಿಯನ್ನು ಠಾಣೆಗೋ ಕಚೇರಿಗೋ ತಂದು ತೋರಿಸಿ ಎಂದರೆ ಏನು ಮಾಡುವುದು ಅನ್ನುವ ಚಿಂತೆ ನಿಮಗಿರಬಹುದು. ಲೈಸೆನ್ಸ್ ಇಲ್ಲದವರು ಕೋವಿ ಮುಟ್ಟಿ ಹೊರಗೆ ಹೊರಟರೆ ತಪ್ಪು, ನಿಜ. ಆದರೆ 1959ರ ಆಯುಧ ಕಾಯ್ದೆಯ 3ನೇ ಕಲಮಿನಲ್ಲೇ ಒಂದು ವಿನಾಯಿತಿ ಇದೆ. ಲೈಸೆನ್ಸ್‌ದಾರರು ಜೊತೆಗಿದ್ದರೆ, ಅಥವಾ ಅವರು ಬರೆದು ಕೊಟ್ಟ ಒಪ್ಪಿಗೆ ಕೈಯಲ್ಲಿದ್ದರೆ, ಇನ್ನೊಬ್ಬರು ಕೋವಿಯನ್ನು ನವೀಕರಣಕ್ಕೋ ರಿಪೇರಿಗೋ ಒಯ್ಯಬಹುದು. ಒಂದು ಬಿಳಿ ಹಾಳೆಯಲ್ಲಿ ಅಪ್ಪ ಬರೆಯಲಿ: ನನ್ನ ಮಗ ಇಂಥವನು, ಈ ನಂಬರಿನ ಕೋವಿಯನ್ನು ನವೀಕರಣಕ್ಕಾಗಿ ಇಂಥ ದಿನ ಇಂಥಲ್ಲಿಗೆ ಒಯ್ಯಲು ಒಪ್ಪಿದ್ದೇನೆ ಎಂದು. ತಾರೀಖು, ಸಹಿ ಇರಲಿ. ಈ ಕಾಗದ ಮತ್ತು ಲೈಸೆನ್ಸ್ ಬುಕ್ಕು ಎರಡೂ ನಿಮ್ಮ ಹತ್ತಿರ ಇರಬೇಕು. ಮದ್ದು ತುಂಬಿರಬಾರದು, ಚೀಲದಲ್ಲಿ ಸುತ್ತಿರಬೇಕು. ದಾರಿಯಲ್ಲಿ ನೆಂಟರ ಮನೆಗೆ ಹೋಗಬೇಡಿ. ಹೊರಟ ಕೆಲಸ ಮುಗಿಸಿ ನೇರ ಮನೆಗೆ ಬನ್ನಿ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಕಾಳಜಿ ಹುಟ್ಟಿಸಿದ್ದು ಆ ಡಿಸೆಂಬರ್ 31. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ 60 ದಿನ ಮೊದಲೇ ಹಾಕಬೇಕು. ಅಂದರೆ ನವೆಂಬರ್ ಹುಟ್ಟುವ ಮುಂಚೆ. ದೀಪಾವಳಿಗೆ ಊರಿಗೆ ಬಂದಾಗ ನೋಡಿದರಾಯಿತು ಅಂತ ಬಿಡಬೇಡಿ. ಅಡಿಕೆ ಕೊಯ್ಲೂ ಆಗ ಶುರುವಾಗಿರುತ್ತದೆ. ಮೊದಲು ಲೈಸೆನ್ಸ್ 3 ವರ್ಷಕ್ಕೆ ಕೊಡುತ್ತಿದ್ದರು. 2019ರ ತಿದ್ದುಪಡಿ ಆದಮೇಲೆ 5 ವರ್ಷ. ಒಳ್ಳೆಯದೇ, ಆದರೆ 5 ವರ್ಷದಲ್ಲಿ ತಾರೀಖು ಮರೆತುಹೋಗುತ್ತದೆ.

ಡಿಸೆಂಬರ್ 31ರ ಒಳಗೆ ಆದೇಶ ಬರದೇ ಹೋದರೆ? ಕೋವಿಯನ್ನು ಅಟ್ಟಕ್ಕೆ ಹಾಕಿ ಸುಮ್ನೆ ಇರಬೇಡಿ. ಅವಧಿ ಮುಗಿದ ಮೇಲೆ ಅದು ಮನೆಯಲ್ಲಿರುವುದೇ ಅಪರಾಧವಾಗುತ್ತದೆ. ಹತ್ತಿರದ ಠಾಣೆಯಲ್ಲಾಗಲಿ, ಲೈಸೆನ್ಸ್ ಇರುವ ಆಯುಧದಂಗಡಿಯಲ್ಲಾಗಲಿ ಠೇವಣಿ ಇಟ್ಟು ರಸೀದಿ ಪಡೆಯಿರಿ. ಕಾಯ್ದೆಯ 21ನೇ ಕಲಮು ಹೇಳುವುದೂ ಇದನ್ನೇ. ನವೀಕರಣವಾದ ಮೇಲೆ ಬಿಡಿಸಿಕೊಂಡು ಬರಬಹುದು.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಅಪ್ಪನಿಗೂ ಒಂದು ಕೇಪಿನ ಕೋವಿ ಇತ್ತು. ಜಗಲಿಯ ಗೋಡೆಯಲ್ಲಿ ಎರಡು ಮರದ ಗೂಟ, ಅದರ ಮೇಲೆ ಕೋವಿ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನವೀಕರಣದ ತಾರೀಖು ದಾಟಿತು. ದಿನವೂ ಊರವರ ಬುಕ್ಕು ನೋಡುತ್ತಿದ್ದ ನಾನು ಮನೆಯ ಬುಕ್ಕು ತೆರೆದು ನೋಡಿರಲಿಲ್ಲ. ಗೊತ್ತಾದ ದಿನವೇ ಅಪ್ಪನಿಂದ ಬರೆಸಿಕೊಂಡು ಅಣ್ಣ ಅದನ್ನು ಠಾಣೆಗೆ ಒಯ್ದು ಕೊಟ್ಟ. ಅಪ್ಪ ಆಸ್ಪತ್ರೆಯಿಂದ ಬಂದು, ಖಾಲಿ ಗೂಟ ನೋಡಿ, ಏನೂ ಮಾತಾಡದೆ ಒಳಗೆ ಹೋದರು. ಏಳು ತಿಂಗಳ ಮೇಲೆ ಕೋವಿ ವಾಪಸ್ ಬಂತು. ಆ ಠಾಣೆಯ ಕೋಣೆಯಲ್ಲಿ ಒಂದು ಮಳೆಗಾಲ ಕಳೆದಿತ್ತು. ನಳಿಗೆಯೊಳಗೆಲ್ಲ ತುಕ್ಕು. ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಂದು ವಾರ ಉಜ್ಜಿದರು, ಸರಿಹೋಗಲಿಲ್ಲ.

ಆದ್ದರಿಂದ ಠೇವಣಿ ಇಡುವಾಗ, ಚುನಾವಣೆಯ ಸಮಯದಲ್ಲಿ ಇಡುವಾಗಲೂ ಅಷ್ಟೇ, ನಳಿಗೆಯ ಒಳಗೂ ಹೊರಗೂ ಚೆನ್ನಾಗಿ ಎಣ್ಣೆ ಸವರಿ, ಬಟ್ಟೆ ಸುತ್ತಿ ಕೊಡಿ. ರಸೀದಿಯಲ್ಲಿ ಕೋವಿಯ ನಂಬರ್ ಬರೆಸಿ. ಸುಸ್ಥಿತಿಯಲ್ಲಿದೆ ಎಂದೂ ಬರೆಸಿ. ಬರೆಸಿಕೊಳ್ಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಕೊನೆಗೆ ಒಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಲು 2016ರ ನಿಯಮಗಳಲ್ಲಿ ಅವಕಾಶವಿದೆ. ಅಪ್ಪನಿಗೆ 76, ಅಂದಮೇಲೆ ಈಗಲೇ ಯೋಚಿಸಬಹುದು ಅಲ್ವಾ? ಹೊಸ ಲೈಸೆನ್ಸ್ ಆದ್ದರಿಂದ ಆಯುಧ ಬಳಕೆಯ ತರಬೇತಿ ಪ್ರಮಾಣಪತ್ರ ಬೇಕಾಗುತ್ತದೆ. ನೀವೇನೋ ಬೆಂಗಳೂರಿನಲ್ಲಿದ್ದೀರಿ. ತೋಟ ನೋಡಿಕೊಳ್ಳುವ ತಮ್ಮನೋ ತಂಗಿಯೋ ಊರಿನಲ್ಲಿದ್ದರೆ ಅವರ ಹೆಸರಿಗೆ ಕೇಳುವುದು ಸರಿ ಎಂದು ನನ್ನ ಅಭಿಪ್ರಾಯ. ಬೆಳೆ ಕಾಯುವವರ ಕೈಯಲ್ಲಿ ಬೆಳೆ ರಕ್ಷಣೆಯ ಕೋವಿ ಇರಬೇಕು. ಮನೆಯಲ್ಲಿ ಎಲ್ಲರೂ ಕೂತು ಮಾತಾಡಿ, ಅಪ್ಪನನ್ನೇ ಮೊದಲು ಕೇಳಿ.

ಪ್ರಶ್ನೆ: ನಾವು ಕೊಡವರು, ಊರು ವಿರಾಜಪೇಟೆ ಕಡೆ. ಅಜ್ಜನ ಕಾಲದ ತೋಕ್, ಅಂದರೆ ಕೋವಿ, ಮನೆಯಲ್ಲಿದೆ. ನಮಗೂ ಐದು ವರ್ಷಕ್ಕೊಮ್ಮೆ ನವೀಕರಣ ಬೇಕಾ? ಬೇರೆ ಜಿಲ್ಲೆಯ ನಮ್ಮ ಅಳಿಯ, ಅವರು ಕೊಡವರಲ್ಲ, ಕೈಲ್‌ಪೊಳ್ದ್ ಎಂಬ ನಮ್ಮ ಆಯುಧ ಪೂಜೆಯ ಹಬ್ಬ ಮುಗಿದ ಮೇಲೆ ಅದನ್ನು ತಮ್ಮ ತೋಟಕ್ಕೆ ಒಯ್ಯುತ್ತೇನೆ ಅನ್ನುತ್ತಿದ್ದಾರೆ.

ಉತ್ತರ: ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಅದನ್ನು ಮತ್ತೆ 10 ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಹಾಗಾಗಿ ನಿಮಗೆ ಬೇಕಾದದ್ದು ಕೊಡಗು ಜಿಲ್ಲಾಧಿಕಾರಿಯವರಿಂದ ಪಡೆದ ವಿನಾಯಿತಿ ಪತ್ರ. ಅದು ನಿಮ್ಮ ಹೆಸರಿನಲ್ಲಿ ಇದೆಯಾ, ಇನ್ನೂ ಅಜ್ಜನ ಹೆಸರಿನಲ್ಲೇ ಉಳಿದಿದೆಯಾ ನೋಡಿ. ಅಜ್ಜನ ಹೆಸರಿನಲ್ಲಿದ್ದರೆ ತಡ ಮಾಡದೆ ಮಡಿಕೇರಿಗೆ ಹೋಗಿ ಸರಿಮಾಡಿಸಿಕೊಳ್ಳಿ.

ಅಳಿಯಂದಿರ ಮಾತಿಗೆ ಒಪ್ಪಬೇಡಿ. ಈ ವಿನಾಯಿತಿ ಇರುವುದು ನಿಮಗೆ, ತೋಕಿಗಲ್ಲ. ಅವರ ಕೈಗೆ ಹೋದ ಕ್ಷಣ ಅದು ಲೈಸೆನ್ಸ್ ಇಲ್ಲದ ಕೋವಿ. ಪೂಜೆಗೆ ಮನೆಗೆ ಬರಲಿ, ಹಬ್ಬದ ಊಟ ಮಾಡಲಿ. ಅವರ ತೋಟಕ್ಕೆ ಕೋವಿ ಬೇಕಿದ್ದರೆ ಅವರ ಜಿಲ್ಲೆಯಲ್ಲೇ ಬೆಳೆ ರಕ್ಷಣೆ ಲೈಸೆನ್ಸ್‌ಗೆ ಅರ್ಜಿ ಹಾಕಲು ಹೇಳಿ. ಅವರ ತೋಟ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿದ್ದರೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯೂ ಬೇಕಾಗುತ್ತದೆ. ಅದನ್ನು ಮೊದಲೇ ವಿಚಾರಿಸಿಕೊಳ್ಳಲಿ.