ಮೂರನೇ ಪುಟದಿಂದ ಶುರು ಮಾಡಿ

ನಮಸ್ಕಾರ,

ಬೇರೆ ಗ್ರಹಗಳಲ್ಲಿ ಜೀವ ಹುಡುಕುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ.

ಮೊದಲ ಎರಡು ಪುಟ ಬರೀ ನಕ್ಷತ್ರ, ಗ್ಯಾಲಕ್ಸಿ, ಬೆರಗು. ಓದಿ ಮುಗಿಸಿದರೆ ಕೈಗೆ ಏನೂ ಸಿಗುವುದಿಲ್ಲ. ಮೂರನೇ ಪುಟದಲ್ಲಿ ಮಾತ್ರ, ಮಿಂಚುಹುಳುವಿನ ರಾಸಾಯನಿಕದಿಂದ ನೀರಿನ ಬ್ಯಾಕ್ಟೀರಿಯಾ ಅಳೆಯಬಹುದು ಅಂತ ಒಂದೇ ಸಾಲು ಬರೆದು ಮುಂದೆ ಓಡಿದ್ದೀರಿ. ಅಯ್ಯೋ, ಲೇಖನ ಇರುವುದೇ ಅಲ್ಲಿ!

ಅಲ್ಲೇ ನಿಲ್ಲಿ. ಜೀವಂತ ಕೋಶದಲ್ಲೆಲ್ಲ ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಅಣು, ಇರುತ್ತದೆ. ಅದಕ್ಕೆ ಮಿಂಚುಹುಳುವಿನ ಲೂಸಿಫೆರಿನ್ ಎಂಬ ರಾಸಾಯನಿಕ, ಲೂಸಿಫೆರೇಸ್ ಎಂಬ ಕಿಣ್ವ ಸೇರಿಸಿದರೆ ಬೆಳಕು ಬರುತ್ತದೆ. ಎಟಿಪಿ ಜಾಸ್ತಿ ಇದ್ದಷ್ಟೂ ಬೆಳಕು ಜಾಸ್ತಿ. ನಾಸಾದ ಗೊಡ್ಡಾರ್ಡ್ ಕೇಂದ್ರದಲ್ಲಿ ವಿಜ್ಞಾನಿ ಎಮೆಟ್ ಶಾಪೆಲ್ ಈ ಬೆಳಕಿನ ಮೇಲೆ ಕೆಲಸ ಮಾಡಿದರು. ಬೇರೆ ಗ್ರಹದ ಜೀವಕ್ಕೆಂದು ಯೋಚಿಸಿದ ಉಪಾಯ ಇಲ್ಲಿ ನೀರು, ಮೂತ್ರ, ಆಹಾರದ ಪರೀಕ್ಷೆಗೆ ಬಂತು. ಈ ತಿರುವು ನಿಮ್ಮ ಬರಹದಲ್ಲಿ ಇಲ್ಲವೇ ಇಲ್ಲ.

‘ಬೆಳಕು ಬಂದರೆ ಬ್ಯಾಕ್ಟೀರಿಯಾ ಇದೆ’ ಅಂತ ಬರೆದಿದ್ದೀರಿ. ಅಷ್ಟು ಸಲೀಸಲ್ಲ. ಕೆರೆ ನೀರಿನಲ್ಲಿ ಪಾಚಿಯ ಎಟಿಪಿಯೂ ಇರುತ್ತದೆ, ಒಡೆದ ಕೋಶಗಳಿಂದ ಸೋರಿದ್ದೂ ಇರುತ್ತದೆ. ಮೂತ್ರದಲ್ಲಾದರೆ ನಮ್ಮ ದೇಹದ ಕೋಶಗಳದ್ದು. ಅಲ್ಲಿ ಮೊದಲು ಡಿಟರ್ಜೆಂಟ್ ಹಾಕಿ ದೇಹದ ಕೋಶಗಳನ್ನಷ್ಟೇ ಒಡೆಯುತ್ತಾರೆ. ಹೊರಬಂದ ಎಟಿಪಿಯನ್ನು ಎಪೈರೇಸ್ ಎಂಬ ಕಿಣ್ವ ನಾಶ ಮಾಡುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಒಡೆದು, ಅದರ ಎಟಿಪಿಯಿಂದ ಬರುವ ಬೆಳಕನ್ನು ಅಳೆಯುತ್ತಾರೆ. ಈ ಹಂತಗಳನ್ನು ಒಂದೊಂದಾಗಿ, ನಿಧಾನವಾಗಿ ಬರೆಯಿರಿ. ಓದುಗರಿಗೆ ಬೇಜಾರಾಗುತ್ತದೆ ಅನ್ನುವ ಭಯ ಬೇಡ.

ಅಗರ್ ತಟ್ಟೆಯಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ತಟ್ಟೆ) ಎಣಿಸಿದರೆ ‘ಎಲ್ಲ ಬ್ಯಾಕ್ಟೀರಿಯಾ’ ಸಿಗುತ್ತದೆ ಅನ್ನುವ ವಾಕ್ಯ ತೆಗೆದುಬಿಡಿ. ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ತಟ್ಟೆಯ ಮೇಲೆ ಬೆಳೆಯುವುದು ಸಾಮಾನ್ಯವಾಗಿ ನೂರಕ್ಕೆ ಒಂದರ ಆಸುಪಾಸು.

ಇನ್ನು ಮಂಗಳ. ‘1976ರಲ್ಲೇ ಜೀವ ಸಿಕ್ಕಿತ್ತು, ಮುಚ್ಚಿಟ್ಟರು’ ಅಂದಿದ್ದೀರಿ. ಯಾರು ಮುಚ್ಚಿಟ್ಟದ್ದು? ಆ ವರ್ಷ ಮಂಗಳದಲ್ಲಿ ಇಳಿದ ನಾಸಾದ ವೈಕಿಂಗ್ ನೌಕೆಯಲ್ಲಿ ಜೀವ ಹುಡುಕುವ ಪ್ರಯೋಗ ರೂಪಿಸಿದ ಗಿಲ್ಬರ್ಟ್ ಲೆವಿನ್, ಜೀವ ಸಿಕ್ಕಿದೆ ಅಂತ ದಶಕಗಳ ಕಾಲ ಎಲ್ಲರೆದುರೇ ವಾದಿಸಿದರು. ನಡೆದದ್ದು ಇನ್ನೂ ಚೆನ್ನಾಗಿದೆ. ಮಂಗಳದ ಮಣ್ಣಿಗೆ ವಿಕಿರಣಶೀಲ ಇಂಗಾಲ ಬೆರೆಸಿದ ಪೋಷಕ ದ್ರವ ಹಾಕಿದರು, ಆ ಇಂಗಾಲ ಹೊತ್ತ ಅನಿಲ ಬಂತು. ಅದೇ ಮಣ್ಣನ್ನು 160 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನೋಡಿದರೆ ಬರಲಿಲ್ಲ. ಜೀವ ಸತ್ತಿರಬೇಕು, ಅಲ್ವಾ? ಆದರೆ ಬಿಸಿಗೆ ಹಾಳಾಗುವ ರಾಸಾಯನಿಕವೂ ಇದ್ದಿರಬಹುದು. ಮಣ್ಣನ್ನು ಕಾಯಿಸಿ ನೋಡುವ ಇನ್ನೊಂದು ಉಪಕರಣಕ್ಕೆ ಮಣ್ಣಿನದೇ ಅನ್ನುವಂಥ ಸಾವಯವ ವಸ್ತು (ಜೀವಕ್ಕೆ ಬೇಕಾದ ಇಂಗಾಲದ ಸಂಯುಕ್ತ) ಕಾಣಲಿಲ್ಲ, ಹಾಗಾಗಿ ಹೆಚ್ಚಿನವರು ಜೀವ ಇಲ್ಲ ಅಂದುಕೊಂಡರು. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣ ಕಂಡಿತು. ಕಾಯಿಸಿದಾಗ ಅದು ಸಾವಯವವನ್ನೇ ಸುಟ್ಟುಬಿಡಬಲ್ಲದು. ಹಾಗಾಗಿ ‘ಇಲ್ಲ’ ಅನ್ನುವ ಉತ್ತರವೂ ಅಲುಗಾಡಿತು. ಕಾಯಿಸಿದ ಆ ಮಣ್ಣನ್ನೇ ನೀವು ಬಿಟ್ಟಿದ್ದೀರಿ! ಅದಿಲ್ಲದೆ ವೈಕಿಂಗ್ ಕಥೆಯೇ ಇಲ್ಲ.

ಇನ್ನೊಂದು. ಬೇರೆ ಗ್ರಹದ ಜೀವಿಗೂ ಎಟಿಪಿಯೇ ಬೇಕು ಅಂತ ಯಾರು ಹೇಳಿದರು? ಈ ಪ್ರಶ್ನೆ ಲೇಖನದೊಳಗೆ ಬರಲಿ. ಉತ್ತರ ಕೊಡಲೇಬೇಕು ಅಂತೇನಿಲ್ಲ.

800 ಪದ ಸಾಕು. ಹಸಿರು ಮನುಷ್ಯನ ಚಿತ್ರ ಬೇಡ, ಎಪೈರೇಸ್ ಹಂತಕ್ಕೆ ಒಂದು ಸರಳ ರೇಖಾಚಿತ್ರ ಕಳಿಸಿ. ಶೀರ್ಷಿಕೆ ಆಮೇಲೆ ನೋಡೋಣ.